ಚೆಲ್ಲೋ ಅಂದ್ರೆ ಏನು ಚೆಲ್ಲೋದು?

ಕುಕ್ಕರಹಳ್ಳಿ ಕೆರೆ ದಂಡೆ ಮೇಲೆ ಅಡ್ಡಾಡಿ ಬಂದು ಕಾಫಿ ಹಿಡಿದು ಕೂತಿದ್ದೆವು. ವಾಕಿಂಗ್ ಅರ್ಧ ಗಂಟೆ, ಹರಟೆ ಒಂದೂವರೆ ಗಂಟೆ. ಅದು ನಮ್ಮ ಲೆಕ್ಕ.

"ಸಂಜೆ ಇಟಲಿ ಹುಡುಗರ ಚೆಲ್ಲೋ ಕಚೇರಿ ಇದೆ, ಬರ್ತೀರಾ?" ಎಂದರು ಮೇಷ್ಟ್ರು.

"ಏನು ಚೆಲ್ತಾರಂತೆ?" ಮಂಡ್ಯದ ಗೌಡ ಲೋಟ ಗಟ್ಟಿಯಾಗಿ ಹಿಡಿದುಕೊಂಡ.

"ವಾದ್ಯ ಕಣಯ್ಯಾ. ಪಿಟೀಲಿನ ದೊಡ್ಡಣ್ಣ. ಕುರ್ಚಿ ಮೇಲೆ ಕೂತು ಮೊಣಕಾಲ ನಡುವೆ ನಿಲ್ಲಿಸ್ಕೋತಾರೆ. ಕೆಳಗೊಂದು ಚೂಪು ಕಂಬಿ ಇರುತ್ತೆ, ನೆಲಕ್ಕೆ ಊರ್ತಾರೆ."

"ನೇಗಿಲು ಹೂಡಿದ ಹಾಗೆ ಅನ್ನಿ. ತಂತಿ ಎಷ್ಟು?"

"ನಾಲ್ಕು."

"ಅಷ್ಟು ದೊಡ್ಡದಕ್ಕೆ ನಾಲ್ಕೇನಾ? ನಮ್ಮ ಚೌಡಯ್ಯನವರು ಪುಟ್ಟ ಪಿಟೀಲಿಗೇ ಏಳು ಕಟ್ಟಿದ್ದರಲ್ಲ!"

"ಆ ಪಿಟೀಲು ಬಂದದ್ದೇ ಇಟಲಿ ಕಡೆಯಿಂದ" ಎಂದು ಮೇಷ್ಟ್ರು ಕ್ರೆಮೊನಾ ಊರಿನ ಕಥೆ ಶುರು ಮಾಡುವಷ್ಟರಲ್ಲಿ ರಾಯರು ಬಾಯಿ ಹಾಕಿದರು. "ಟಿಕೆಟ್ ಎಷ್ಟು?"

"ಫ್ರೀ."

ರಾಯರಿಗೆ ಆ ಕ್ಷಣವೇ ಭಕ್ತಿ ಉಕ್ಕಿತು. "ನಮ್ಮ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಚೇರಿ ಸಂಘಕ್ಕೆ ಮೊದಲ ಅಧ್ಯಕ್ಷರು ಕಣ್ರೀ. ಮೈಸೂರಿನವರು ಹೋಗದಿದ್ರೆ ಹೇಗೆ?" ಹೋದ ವಾರ ನೂರು ರೂಪಾಯಿ ಟಿಕೆಟ್ಟಿನ ನಾಟಕಕ್ಕೆ ಕರೆದಾಗ ಇವರಿಗೇ ಮೊಣಕಾಲು ನೋವಿತ್ತು.

"ಫ್ರೀ ನಮಗೆ, ಅವರಿಗಲ್ಲ" ಎಂದರು ಮೇಷ್ಟ್ರು. "ಲಗೇಜಿಗೆ ಹಾಕಿದರೆ ಚೆಲ್ಲೋ ಏಟು ತಿನ್ನುತ್ತೆ. ಅದಕ್ಕೆ ಎಷ್ಟೋ ಜನ ವಿಮಾನದಲ್ಲಿ ಅದಕ್ಕೇ ಒಂದು ಸೀಟು ಕೊಂಡು, ಬೆಲ್ಟ್ ಕಟ್ಟಿ ಕೂರಿಸ್ಕೊಂಡು ಬರ್ತಾರೆ."

ಗೌಡ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದಕ್ಕೆ ಊಟ ಕೊಡ್ತಾರಾ?"

ಸಂಜೆ ಹೋದೆವು. ಎಲ್ಲ ಇಪ್ಪತ್ತರ ಆಸುಪಾಸಿನ ಮಕ್ಕಳು. ಇಟಲಿಯ ಹಳೆಯ ಸಂಗೀತಗಾರ ವಿವಾಲ್ಡಿ ಎರಡು ಚೆಲ್ಲೋಗಳಿಗೆಂದೇ ಬರೆದದ್ದನ್ನು ಎತ್ತಿಕೊಂಡರು. ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ಒಂದನೆಯದು ಮುಗಿದದ್ದೇ ಗೌಡ ಒಬ್ಬನೇ ಪಟಪಟ ಚಪ್ಪಾಳೆ ತಟ್ಟಿದ. ಮೇಷ್ಟ್ರು ತೊಡೆ ಚಿವುಟಿದರು. "ಈಗಲ್ಲ, ಕೊನೆಗೆ."

"ಚೆನ್ನಾಗಿದ್ರೆ ನಮ್ಮಲ್ಲಿ ಅಲ್ಲೇ ಭೇಷ್ ಅಂತೀವಿ. ಇದೇನು, ಮೂರು ಕಂತು ಮುಗಿಯೋವರೆಗೂ ಸಾಲಾನಾ?"

ಎರಡನೆಯದರಲ್ಲಿ ಅವನು ಕಣ್ಣು ಮುಚ್ಚಿದ. ನಿದ್ದೆ ಅಂದುಕೊಂಡೆ. ಗೊರಕೆ ಬರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ನಮ್ಮಪ್ಪ ರಾತ್ರಿ ಗದ್ದೆಗೆ ನೀರು ಕಟ್ಟೋವಾಗ ಹಿಂಗೇ ಗುನುಗ್ತಿದ್ದ." ನನಗೂ ಯಾಕೋ ಗಂಟಲು ಕಟ್ಟಿತು. ರಾಯರು ಮಾತ್ರ ಹೊರಗೆ ಕಾಫಿಯೂ ಫ್ರೀನಾ ಅಂತ ವಿಚಾರಿಸುತ್ತಿದ್ದರು.

ಕಚೇರಿ ಮುಗಿದು ಗೇಟಿಗೆ ಬಂದರೆ, ಒಬ್ಬ ಹುಡುಗಿ ತನ್ನೆತ್ತರದ ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡು ಆಟೋ ಮಾಡುತ್ತಿದ್ದಳು. ಡ್ರೈವರ್ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಒನ್ ಅಂಡ್ ಹಾಫ್" ಎಂದ.

"ನೋಡಿ ರಾಯರೇ, ಇಲ್ಲೂ ಅದಕ್ಕೆ ಚಾರ್ಜು" ಎಂದ ಗೌಡ.

ರಾಯರು ಆಗಲೇ ಆಟೋ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು. "ಸರಸ್ವತಿಪುರಂ ಕಡೆಗೇನಮ್ಮಾ?"

ಜಾಗ ಇರಲಿಲ್ಲ. ಚೆಲ್ಲೋ ಕೂತಿತ್ತು.