ಚಳಿ ಬಿದ್ದಾಗಿನಿಂದ ಗೆಂಡೆ ಗಾಳಕ್ಕೆ ಬೀಳುತ್ತಿಲ್ಲ, ಎಲ್ಲಿ ತಪ್ಪಾಗುತ್ತಿದೆ?

ಮಂಡಕ್ಕಿ_ಗಾಳ:
ಐದು ಭಾನುವಾರ ಆಯ್ತು, ಒಂದೂ ಗೆಂಡೆ ಇಲ್ಲ. ದೀಪಾವಳಿ ತನಕ ಹೋದಾಗಲೆಲ್ಲ ಎರಡಾದರೂ ಸಿಗುತ್ತಿತ್ತು. ಅದೇ ಜಾಗ, ಅದೇ ರಾಡು, ಅದೇ ಹಿಟ್ಟು. ಏನೂ ಬದಲಾಯಿಸಿಲ್ಲ. ರಾಡಿನ ತುದಿಯ ಗೆಜ್ಜೆ ಒಂದೇ ಸಲ ಟಿಣ್ ಅನ್ನುತ್ತೆ, ಓಡಿ ಹೋಗಿ ಎಳೆದರೆ ಏನೂ ಇಲ್ಲ. ಬೆಳಿಗ್ಗೆ ಎದ್ದು ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋಗಿ ಬರಿಗೈಲಿ ಬರೋದು ಸಾಕಾಗಿದೆ. ಗೊತ್ತಿರೋರು ದಯವಿಟ್ಟು ಹೇಳಿ.

ವೇದಾವತಿ_ದಂಡೆ:
ಲೈನ್ ಯಾವುದು? ಬ್ರೇಡ್, ಅಂದರೆ ಹೆಣೆದ ದಾರ ಇದ್ದರೆ ಅದೇ ಕಾರಣ, ಬೇರೆ ಹುಡುಕಲೇಬೇಡಿ. ಮಳೆಗಾಲದ ಕೆಂಪು ನೀರು ಈಗ ತಿಳಿಯಾಗಿದೆ. ಮೀನಿಗೆ ದಾರ ಕಾಣುತ್ತೆ. ಬೆನ್ನಿಗೆ ತಾಗಿದರೂ ಹೆದರಿ ಓಡುತ್ತೆ.

ಮಂಡಕ್ಕಿ_ಗಾಳ:
ಹೌದಣ್ಣ, ಬ್ರೇಡೇ. ಆದರೆ ದೀಪಾವಳಿಗೆ ಮುಂಚೆನೂ ಅದೇ ಇತ್ತಲ್ವಾ?

ವೇದಾವತಿ_ದಂಡೆ:
ಆಗ ನೀರು ಕದಡಿತ್ತು ತಮ್ಮ. ಮೋನೋ, ಅಂದರೆ ಒಂದೇ ಎಳೆಯ ನೈಲಾನ್ ದಾರ ಹಾಕಿ ನೋಡು.

ಏರಿ_ಮೇಲೆ:
ಯಾವ ಕೆರೆ ಅಂತಾನೇ ಹೇಳಿಲ್ಲವಲ್ಲ ಮಾರಾಯ್ರೆ. ಎಷ್ಟು ಹೊತ್ತಿಗೆ ಕೂರುತ್ತೀರಿ? ಗಾಳ ವಾಪಸ್ ಬಂದಾಗ ಹಿಟ್ಟು ಇರುತ್ತಾ, ಇರಲ್ವಾ?

ಮಂಡಕ್ಕಿ_ಗಾಳ:
ಸೂಳೆಕೆರೆ. ಎಲ್ಲರೂ ಅಲ್ಲಿಗೇ ಹೋಗೋದು ಅಂತ ಬರೆಯಲಿಲ್ಲ.

ಕೊಂಡಜ್ಜಿ_ಹುಡುಗ:
ಸೂಳೆಕೆರೆ ಅಂದರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತಾರೆ. ಅಷ್ಟು ನೀರಲ್ಲಿ ಮೀನು ಎಲ್ಲಿದೆ ಅಂತ ಹುಡುಕೋದೇ ಕಷ್ಟ.

ವೇದಾವತಿ_ದಂಡೆ:
ಎರಡನೇದು ಅಂತ ಯಾರು ಅಳೆದರು? ಎಲ್ಲರೂ ಒಬ್ಬರ ಬಾಯಿಂದ ಒಬ್ಬರು ಕೇಳಿ ಹೇಳ್ತಾರೆ. ನೀರು ನೋಡಬೇಕಾದರೆ ಹಿರಿಯೂರಿಗೆ ಬನ್ನಿ. ಅಲ್ಲಿನ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ತುಂಬಿದ್ದು ಬಿಟ್ಟರೆ 2022ರಲ್ಲೇ ಮತ್ತೆ ಕೋಡಿ ಬಿದ್ದಿದ್ದು. ಆ ವರ್ಷ ಜಾಲಿ ಗಿಡ ಎಲ್ಲ ಮುಳುಗಿ, ಅದರ ಬುಡದಲ್ಲಿ ಮೀನು ಸೇರಿದ್ದವು. ಏಳು ಕೆಜಿ ಕಾಟ್ಲಾ ಮೀನು ಎಳೆದಿದ್ದೀನಿ, ಮೋನೋದಲ್ಲೇ.

ಕೊಂಡಜ್ಜಿ_ಹುಡುಗ:
ನಮ್ಮೂರ ಕೆರೆ ಬಗ್ಗೆ ಹಾಗೆ ಹಗುರವಾಗಿ ಮಾತಾಡಬೇಡಿ ಅಣ್ಣ. ಒಂಬೈನೂರು ವರ್ಷ ಆದ್ರೂ ಆ ಏರಿ ನಿಂತಿದೆ. ಸಿದ್ದನ ತೂಬು, ಬಸವನ ತೂಬು ಅಂತ ಇವತ್ತಿಗೂ ಹೆಸರು ಹೇಳಿ ತೋರಿಸ್ತಾರೆ.

ಮಂಡಕ್ಕಿ_ಗಾಳ:
ಮೋನೋ ತಂದು ಹಾಕಿದೆ. ಈ ಭಾನುವಾರನೂ ಏನೂ ಇಲ್ಲ. ಆರನೇದು.

ವೇದಾವತಿ_ದಂಡೆ:
ಎಷ್ಟು ದಪ್ಪ? 0.35 ಮಿ.ಮೀ. ಇದ್ದರೆ ಅದೂ ಕಾಣುತ್ತೆ. 0.25 ಹಾಕು.

ಏರಿ_ಮೇಲೆ:
ಲೈನ್ ವಿಷಯ ಸ್ವಲ್ಪ ಬಿಡಿ ಅಣ್ಣ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಟೈಮು? ಹಿಟ್ಟು?

ಮಂಡಕ್ಕಿ_ಗಾಳ:
ಬೆಳಿಗ್ಗೆ ಐದೂವರೆಗೆ ಗಾಳ ಹಾಕಿ ಎಂಟೂವರೆಗೆ ಎದ್ದುಬಿಡ್ತೀನಿ, ಆಮೇಲೆ ಅಂಗಡಿ. ಹಿಟ್ಟು ಅಂದರೆ ಶೇಂಗಾ ಹಿಂಡಿ ಪುಡಿ, ಮೈದಾ, ಮಂಡಕ್ಕಿ ಪುಡಿ, ಸ್ವಲ್ಪ ಬೆಲ್ಲ, ಕೈಗೆ ಅಂಟದ ಹಾಗೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ. ನಿಂಬೆಹಣ್ಣಿನ ಗಾತ್ರದ ಉಂಡೆ. ಕೂತ ತಕ್ಷಣ ಎರಡು ಕೆಜಿ ಹಿಂಡಿ ನೀರಿಗೆ ಎಸೀತೀನಿ. ವಾಪಸ್ ಬಂದಾಗ ಉಂಡೆ ಹಾಗೇ ಇರುತ್ತೆ.

ಏರಿ_ಮೇಲೆ:
ಇದನ್ನು ಮೊದಲನೇ ದಿನಾನೇ ಬರೆದಿದ್ದರೆ ಎರಡು ವಾರ ಉಳೀತಿತ್ತು. ಈ ತಿಂಗಳು ನಿಮ್ಮ ಮನೆ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಹೇಗಿದೆ ನೋಡಿ. ಗಟ್ಟಿ ಆಗಿದೆ ಅಲ್ವಾ? 24 ಡಿಗ್ರಿಯಿಂದ ಕೆಳಗೆ ಇಳಿದರೆ ಅದು ಹೆಪ್ಪುಗಟ್ಟುತ್ತೆ. ನೀರಿನೊಳಗೆ ನಿಮ್ಮ ಉಂಡೆಗೂ ಅದೇ ಗತಿ. ಹಿಟ್ಟು ಬಿಚ್ಚಿಕೊಳ್ಳಲ್ಲ, ವಾಸನೆ ಹರಡಲ್ಲ. ಗೆಂಡೆ ಬಂದು ತುಟಿಯಲ್ಲಿ ಒತ್ತಿ ನೋಡುತ್ತೆ, ಕಲ್ಲಿನ ಹಾಗಿದೆ, ಬಿಟ್ಟು ಹೋಗುತ್ತೆ. ಆ ಒಂದು ಟಿಣ್ ಅದೇ.

ಇನ್ನೊಂದು, ಹಿಂಡಿ. ಮೀನಿನ ಮೈ ಶಾಖ ನೀರಿನ ಶಾಖದ ಜೊತೆಗೇ ಇಳಿಯುತ್ತೆ. ಗೆಂಡೆಗೆ ನಮ್ಮ ಹಾಗೆ ಜಠರ ಇಲ್ಲ, ಉದ್ದ ಕರುಳು ಅಷ್ಟೇ. ನೀರು ತಣ್ಣಗಾದರೆ ತಿಂದದ್ದು ನಿಧಾನಕ್ಕೆ ಕರಗುತ್ತೆ, ಅದಕ್ಕೇ ಕಡಿಮೆ ತಿನ್ನುತ್ತೆ. ಎರಡು ಕೆಜಿ ಸುರಿದರೆ ಅದರಲ್ಲೇ ಹೊಟ್ಟೆ ತುಂಬಿತು, ನಿಮ್ಮ ಗಾಳ ಯಾಕೆ ಬೇಕು? ಒಂದು ಹಿಡಿ ಸಾಕು.

ಹೊತ್ತೂ ಸರಿಯಿಲ್ಲ. ಆಳವಿಲ್ಲದ ನೀರು ರಾತ್ರಿ ಬೇಗ ತಣ್ಣಗಾಗುತ್ತೆ, ಬಿಸಿಲಿಗೆ ಬೇಗ ಬಿಸಿಯೂ ಆಗುತ್ತೆ. ಬೆಳಗಿನ ಜಾವ ಮೀನು ಆಳದಲ್ಲಿ ಸುಮ್ನೆ ಇರುತ್ತೆ. ಹನ್ನೆರಡರಿಂದ ನಾಲ್ಕರವರೆಗೆ ಕೂತು ನೋಡಿ. ಮೂಡಗಾಳಿ ಬೀಸುತ್ತಿದ್ದರೆ ಪಡುವಣ ದಂಡೆ. ಮೇಲಿನ ಬೆಚ್ಚನೆ ನೀರನ್ನು ಗಾಳಿ ಅಲ್ಲಿಗೆ ತಳ್ಳಿರುತ್ತೆ.

ಕೊಂಡಜ್ಜಿ_ಹುಡುಗ:
ಗಾಳಿ ಮುಖಕ್ಕೆ ಹೊಡೆಯುತ್ತೆ ಅಂತ ನಾನು ಯಾವಾಗಲೂ ಆ ಕಡೆ ಬಿಟ್ಟು ಈ ಕಡೆ ಕೂರುತ್ತಿದ್ದೆ!

ವೇದಾವತಿ_ದಂಡೆ:
ಎಣ್ಣೆ ಹಾಕಿ ಇಪ್ಪತ್ತು ವರ್ಷದಿಂದ ಹಿಡಿದಿದ್ದೀನಿ. ಚಳಿಗಾಲದಲ್ಲೂ.

ಏರಿ_ಮೇಲೆ:
ಯಾವ ಎಣ್ಣೆ ಅಣ್ಣ?

ವೇದಾವತಿ_ದಂಡೆ:
ಶೇಂಗಾ ಎಣ್ಣೆ.

ಏರಿ_ಮೇಲೆ:
ಅದು ನಮ್ಮ ಚಳಿಗೆ ಗಟ್ಟಿ ಆಗಲ್ಲ. ಅದಕ್ಕೇ ನಿಮಗೆ ಸಿಕ್ಕಿದ್ದು.

ಮಂಡಕ್ಕಿ_ಗಾಳ:
ನಿನ್ನೆ ರಾತ್ರಿ ಎರಡು ಲೋಟ ನೀರು ತಾರಸಿ ಮೇಲೆ ಇಟ್ಟೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದಕ್ಕೆ ನನ್ನ ಹಳೇ ಉಂಡೆ, ಇನ್ನೊಂದಕ್ಕೆ ಎಣ್ಣೆ ಇಲ್ಲದ್ದು ಹಾಕಿದೆ. ಅರ್ಧ ಗಂಟೆ ಬಿಟ್ಟು ಬೆರಳಲ್ಲಿ ಒತ್ತಿದರೆ ಹಳೇದು ಗೋಲಿ ಹಾಗೆ ಇತ್ತು. ಮೇಲೆ ಬಿಳಿ ಪೊರೆ, ಮೇಣ ಸವರಿದ ಹಾಗೆ. ನೀರು ತಿಳಿಯಾಗೇ ಇತ್ತು. ಇನ್ನೊಂದು ಅಂಚಿಂದ ಪುಡಿಪುಡಿಯಾಗಿ ಬಿಚ್ಚಿ ನೀರೆಲ್ಲ ಮೋಡ ಕವಿದ ಹಾಗಾಗಿತ್ತು. ಆರು ವಾರ ನಾನು ನೀರಿಗೆ ಹಾಕಿದ್ದು ಆ ಗೋಲಿಯನ್ನ.

ಏರಿ_ಮೇಲೆ:
ಹಾಗಾದರೆ ಬೆಲ್ಲವನ್ನು ಬಿಸಿ ನೀರಲ್ಲಿ ಕರಗಿಸಿ ಅದರಲ್ಲೇ ಕಲಸಿ. ಉಂಡೆ ಅಡಿಕೆ ಗಾತ್ರ ಸಾಕು, ಗಾಳವೂ ಚಿಕ್ಕದು. ಲೈನು ಬಿಗಿಯಾಗಿ ಇಡಿ, ಚಳಿಯಲ್ಲಿ ಎಳೆತ ತುಂಬಾ ಮೆತ್ತಗಿರುತ್ತೆ. ಗೆಜ್ಜೆ ಜೋರಾಗಿ ಆಡಲಿ ಅಂತ ಕಾಯಬೇಡಿ. ಮತ್ತೆ ಕೆರೆ ಮೀನು ಗುತ್ತಿಗೆಗೆ ಹೋಗಿದ್ದರೆ ಅವರನ್ನು ಒಂದು ಮಾತು ಕೇಳಿಯೇ ಕೂತುಕೊಳ್ಳಿ.

ಮಂಡಕ್ಕಿ_ಗಾಳ:
ಗುತ್ತಿಗೆದಾರರನ್ನು ವರ್ಷದ ಶುರುವಲ್ಲೇ ಕೇಳಿದ್ದೀನಿ ಸಾರ್. ಈ ಭಾನುವಾರ ಅಂಗಡಿ ತಮ್ಮನಿಗೆ ಬಿಟ್ಟು ಮಧ್ಯಾಹ್ನ ಹೋದೆ. ಗಾಳಿ ಹೊಡೆಯೋ ದಂಡೆ, ಎಣ್ಣೆ ಇಲ್ಲ, ಒಂದೇ ಹಿಡಿ ಹಿಂಡಿ. ಎರಡೂ ಮುಕ್ಕಾಲಿಗೆ ರಾಡಿನ ತುದಿ ಬೆರಳಷ್ಟು ಬಾಗಿ ಹಾಗೇ ನಿಂತಿತು, ಗೆಜ್ಜೆ ಶಬ್ದವೇ ಇಲ್ಲ. ಎತ್ತಿದೆ. ಒಂದೂವರೆ ಕೆಜಿ ಗೆಂಡೆ, ಬಂಗಾರದ ಬಣ್ಣ, ಮೈ ಮುಟ್ಟಿದರೆ ತಣ್ಣಗೆ. ನಾಲ್ಕಕ್ಕೆ ಇನ್ನೊಂದು, ಚಿಕ್ಕದು, ಬಿಟ್ಟೆ. ತುಂಬಾ ಖುಷಿಯಾಯ್ತು. ಸಾರ್, ನಿಮಗೆ ದೊಡ್ಡ ನಮಸ್ಕಾರ.

ವೇದಾವತಿ_ದಂಡೆ:
ಸಂತೋಷ ತಮ್ಮ. ಆದರೆ ಮೋನೋದಲ್ಲೇ ಸಿಕ್ಕಿದ್ದು ಅಲ್ವಾ?

ಮಂಡಕ್ಕಿ_ಗಾಳ:
ಹೌದಣ್ಣ, ಮೋನೋ. ಮುಂದಿನ ವಾರ ಎರಡು ರಾಡು ಒಯ್ಯುತ್ತೀನಿ. ಒಂದಕ್ಕೆ ಬ್ರೇಡ್, ಒಂದಕ್ಕೆ ಮೋನೋ, ಎರಡಕ್ಕೂ ಎಣ್ಣೆ ಇಲ್ಲದ ಹಿಟ್ಟು, ಹತ್ತಡಿ ಅಂತರದಲ್ಲಿ. ಯಾವುದಕ್ಕೆ ಎಷ್ಟು ಅಂತ ರಾತ್ರಿನೇ ಬರೀತೀನಿ.