ಅಪ್ಪ-ಅಮ್ಮನನ್ನು ಶ್ವೆರೀನ್‌ಗೆ ಕರೆದುಕೊಂಡು ಹೋಗಲು ಒಂದು ದಿನ ಸಾಕಾ?

ಸಾಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಂಬರ್ಗ್‌ನಲ್ಲಿ ಕೆಲಸಕ್ಕಿದ್ದೇನೆ. ಮೇ ತಿಂಗಳಲ್ಲಿ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ, ಇದೇ ಮೊದಲ ಸಲ. ಬರ್ಲಿನ್ ಹೇಗೂ ತೋರಿಸುತ್ತೇನೆ. ಆದರೆ ದೊಡ್ಡ ಊರಿಗೆ ಹೋದರೆ ಅಪ್ಪನಿಗೆ ಅರ್ಧ ದಿನದಲ್ಲೇ ತಲೆನೋವು. ಶ್ವೆರೀನ್‌ನಲ್ಲಿ ಕೆರೆ ಮಧ್ಯೆ ಅರಮನೆ ಇದೆ, ಅಲ್ಲಿಗೆ ಕರ್ಕೊಂಡು ಹೋಗು ಅಂತ ಆಫೀಸಿನಲ್ಲಿ ಹೇಳಿದರು. ಒಂದೇ ದಿನಕ್ಕೆ ಹೋಗಿ ಬರಬಹುದಾ, ಇಲ್ಲ ರಾತ್ರಿ ಉಳೀಬೇಕಾ? ಅಪ್ಪನಿಗೆ ಮಂಡಿನೋವು. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ನನಗೆ ಸೋಮವಾರ ರಜೆ ಇದೆ. ಅವತ್ತೇ ಹೋದರೆ ಜನ ಕಡಿಮೆ ಇರ್ತಾರೆ ಅಂತ ನನ್ನ ಲೆಕ್ಕ.

ತಿಪಟೂರು ತೆಂಗು:

ಮೊದಲು ಆ ಸೋಮವಾರ ಬಿಡಿ. ಅವತ್ತು ಅರಮನೆ ಮ್ಯೂಸಿಯಂ ಮುಚ್ಚಿರುತ್ತದೆ. ನಾನೂ ಇದೇ ಲೆಕ್ಕ ಹಾಕಿ ನಮ್ಮ ಮಾವನವರನ್ನು ಸೋಮವಾರವೇ ಕರೆದುಕೊಂಡು ಹೋಗಿದ್ದೆ. ಬಾಗಿಲ ಮುಂದೆ ನಿಂತು ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದೇ ಜಾಸ್ತಿ ಕಷ್ಟ. ಶನಿವಾರ ಹೋಗಿ.

ಹ್ಯಾಂಬರ್ಗ್‌ನಿಂದ ರೋಸ್ಟಾಕ್ ಕಡೆ ಹೋಗುವ ರೀಜನಲ್ ರೈಲಿನಲ್ಲಿ ಒಂದೂವರೆ ಗಂಟೆ. ಮೂವರಿಗೂ ಸೇರಿ ಒಂದೇ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್ ಟಿಕೆಟ್ ತಗೊಳ್ಳಿ, ಶ್ವೆರೀನ್ ಇರುವ ರಾಜ್ಯದ ಹೆಸರಿನ ಒಂದು ದಿನದ ರೈಲು ಟಿಕೆಟ್ ಅದು. ವಾರದ ದಿನ ಅದು ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ನಡೆಯುತ್ತದೆ, ಶನಿವಾರ-ಭಾನುವಾರ ಆ ತಾಪತ್ರಯ ಇಲ್ಲ. ಹಳಿ ರಿಪೇರಿ ಏನಾದರೂ ಇದೆಯಾ ಅಂತ ಹಿಂದಿನ ದಿನ ಆಪ್‌ನಲ್ಲಿ ನೋಡಿಕೊಳ್ಳಿ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ. ಮೇ ತಿಂಗಳಲ್ಲಿ ಹೊಲ ಹೊಲವೇ ಹಳದಿ. ನಮ್ಮ ಮಾವ "ಇಷ್ಟೊಂದು ಸಾಸಿವೆ ಹಾಕಿ ಏನು ಮಾಡ್ತಾರೆ?" ಅಂದರು. ಅದು ರೇಪ್‌ಸೀಡ್, ಎಣ್ಣೆ ತೆಗೆಯುವುದಕ್ಕೆ ಬೆಳೆಯುತ್ತಾರೆ. ಸಾಸಿವೆಗೆ ಹತ್ತಿರದ ನೆಂಟನೇ, ಹಾಗಾಗಿ ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ.

ಸ್ಟೇಷನ್ನಿಂದ ಹೊರಗೆ ಬಂದರೆ ಎರಡು ನಿಮಿಷದಲ್ಲಿ ಫಾಫನ್‌ಟೈಕ್ ಅನ್ನುವ ಕೆರೆ. ಇದನ್ನೇ ದೊಡ್ಡ ಸರೋವರ ಅಂದುಕೊಂಡು ಫೋಟೋ ಹೊಡೆಯುತ್ತಾ ನಿಂತುಬಿಡಬೇಡಿ, ದೊಡ್ಡದು ಮುಂದಿದೆ. ಅರಮನೆಗೆ ನಿಧಾನಕ್ಕೆ ನಡೆದರೆ ಇಪ್ಪತ್ತೈದು ನಿಮಿಷ. ಅಪ್ಪನಿಗೆ ಕಷ್ಟವಾದರೆ ಟ್ರಾಮ್ ಇದೆ. ಊರಿನ ದೊಡ್ಡ ಚರ್ಚಿನ ಗೋಪುರ 117 ಮೀಟರ್‌ಗಿಂತ ಎತ್ತರ. ಮೇಲಿಂದ ಸರೋವರಗಳೆಲ್ಲ ಕಾಣುತ್ತವೆ, ಆದರೆ ಮೆಟ್ಟಿಲು ಇನ್ನೂರಕ್ಕೂ ಜಾಸ್ತಿ. ಅಪ್ಪನಿಗೆ ಅದರ ಸುದ್ದಿಯನ್ನೇ ಎತ್ತಬೇಡಿ.

ಈಗ ಅರಮನೆ. ನಾನು ನಾಲ್ಕು ಸಲ ಹೋಗಿದ್ದೇನೆ, ಒಳಗೆ ಹೋಗಿದ್ದು ಎರಡೇ ಸಲ. ಸಿಂಹಾಸನದ ಕೋಣೆ ನೋಡಲೇಬೇಕು, ಸರಿ. ಆದರೆ ಒಳಗೆ ಹೋಗುವ ಮುಂಚೆ ಹೊರಗಿನಿಂದ ಒಂದು ಪೂರ್ತಿ ಸುತ್ತು ಹಾಕಿ. ಇಡೀ ಅರಮನೆ ಒಂದು ಸಣ್ಣ ದ್ವೀಪದ ಮೇಲಿದೆ. ಪ್ರತಿ ಮೂಲೆ ತಿರುಗಿದಾಗಲೂ ಬೇರೆಯೇ ಕಟ್ಟಡ ನೋಡಿದ ಹಾಗಿರುತ್ತದೆ. ಈಗಿನ ರೂಪ 1845ರಿಂದ 1857ರ ನಡುವೆ ಬಂದಿದ್ದು. 1913ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಹೋಯಿತು. ನಮ್ಮ ಮೈಸೂರಿನ ಹಳೇ ಅರಮನೆ 1897ರಲ್ಲಿ ಸುಟ್ಟಿತ್ತಲ್ವಾ, ಅದನ್ನು ಹೇಳಿದರೆ ಅಪ್ಪನಿಗೆ ಮಾತಿಗೆ ವಿಷಯ ಸಿಗುತ್ತದೆ.

ಊರಿನ ಕಡೆಯಿಂದ ಸೇತುವೆ ದಾಟುವಾಗ ತಲೆ ಎತ್ತಿ ನೋಡಿ. ಹೆಬ್ಬಾಗಿಲಿನ ಮೇಲೆ ಕುದುರೆ ಏರಿದ ಒಬ್ಬ ರಾಜ ಇದ್ದಾನೆ. ಹೆಸರು ನಿಕ್ಲೋಟ್. ಜರ್ಮನ್ ಅಲ್ಲ, ಸ್ಲಾವ್ ಜನರ ದೊರೆ. ಇದೇ ದ್ವೀಪದಲ್ಲಿ ಅವನ ಕೋಟೆ ಇತ್ತು. 1160ರಲ್ಲಿ ಹೈನ್‌ರಿಶ್ ಅನ್ನುವ ಸ್ಯಾಕ್ಸನಿ ಡ್ಯೂಕ್ ದಂಡೆತ್ತಿ ಬಂದ. ನಿಕ್ಲೋಟ್ ಆ ಯುದ್ಧದಲ್ಲೇ ಸತ್ತ, ಗೆದ್ದವನು ಇಲ್ಲಿ ಊರು ಕಟ್ಟಿದ. ತಮಾಷೆ ಅಂದರೆ, ಆಮೇಲೆ ಈ ಸೀಮೆ ಆಳಿದ್ದು ಸೋತವನ ಮಕ್ಕಳು ಮೊಮ್ಮಕ್ಕಳೇ. 1918ರಲ್ಲಿ ರಾಜರ ಕಾಲ ಮುಗಿಯುವವರೆಗೂ ಅದೇ ವಂಶ. ಅವರೇ ತಮ್ಮ ಮೂಲಪುರುಷನನ್ನು ಬಾಗಿಲ ಮೇಲೆ ಕೂರಿಸಿದ್ದು.

1990ರಿಂದ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್ ರಾಜ್ಯದ ವಿಧಾನಸಭೆ ನಡೆಯುವುದೂ ಇದೇ ಅರಮನೆಯಲ್ಲಿ. ಶಾಸಕರು ಒಂದು ಕಡೆ, ಟಿಕೆಟ್ ತಗೊಂಡ ನಾವು ಇನ್ನೊಂದು ಕಡೆ. ರಾಜಧಾನಿ ಅನ್ನುವುದು ಹೆಸರಿಗೆ ಮಾತ್ರ, ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಜರ್ಮನಿಯ ರಾಜ್ಯಗಳ ರಾಜಧಾನಿಗಳಲ್ಲಿ ಇದೇ ಚಿಕ್ಕದು. ಅಪ್ಪನಿಗೆ ಹಿಡಿಸುತ್ತದೆ ಬಿಡಿ.

ಊಟದ ವಿಷಯ ಸ್ವಲ್ಪ ಹುಷಾರು. ಮೇ ತಿಂಗಳು ಬಿಳಿ ಆಸ್ಪರಾಗಸ್ ಕಾಲ, ಎಲ್ಲಾ ಹೋಟೆಲಿನಲ್ಲೂ ಬೇಯಿಸಿದ ಆಲೂಗಡ್ಡೆ ಜೊತೆ ಕೊಡುತ್ತಾರೆ. ನೋಡಿದರೆ ಸಸ್ಯಾಹಾರವೇ. ಆದರೆ ಮೇಲೆ ಹಾಕುವ ಹಳದಿ ಸಾಸ್ ಮೊಟ್ಟೆಯದು. ಅದು ಬೇಡ, ಬೆಣ್ಣೆ ಕರಗಿಸಿ ಕೊಡಿ ಅನ್ನಿ. ಹುರಿದ ಆಲೂಗಡ್ಡೆ ಹೇಳುವಾಗ "ಓನೆ ಶ್ಪೆಕ್" (ಹಂದಿ ಮಾಂಸ ಹಾಕದೆ) ಅಂತ ಎರಡು ಸಲ ಹೇಳಿ. ನಾನು ಒಂದೇ ಸಲ ಹೇಳಿದ್ದೆ. ತಟ್ಟೆಯಲ್ಲಿ ಕರಿದ ಈರುಳ್ಳಿ ಥರ ಕಂದು ಚೂರು ಕಂಡಿತು, ಬಾಯಿಗಿಟ್ಟ ಮೇಲೆ ಗೊತ್ತಾಯಿತು ಹಂದಿ ಮಾಂಸ ಅಂತ. ಪುಣ್ಯಕ್ಕೆ ಮಾವನವರ ತಟ್ಟೆಗೆ ಹೋಗಿರಲಿಲ್ಲ. ಸುಮ್ನೆ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಅರಮನೆ ತೋಟದ ಕಾಲುವೆ ಪಕ್ಕ ಬೆಂಚ್ ಬೇಕಾದಷ್ಟಿದೆ.

ಕಡೂರು ಪ್ಯಾಸೆಂಜರ್:

ತೆಂಗು ಅವರು ಎಲ್ಲಾ ಹೇಳಿದ್ದಾರೆ. ಆದರೆ ಒಂದು ರಾತ್ರಿ ಉಳಿಯಿರಿ ಅಂತ ನಾನು ಹೇಳುತ್ತೇನೆ. ಮೇ ತಿಂಗಳಲ್ಲಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ಟೂರಿಸ್ಟ್ ಬಸ್‌ಗಳು ಹೋದ ಮೇಲೆ ಅರಮನೆ ಮುಂದೆ ನಾಯಿ ವಾಕ್ ಮಾಡಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ. ಮಾರನೇ ದಿನ ಪಕ್ಕದ ಲುಡ್‌ವಿಗ್ಸ್‌ಲುಸ್ಟ್ ಅರಮನೆ ನೋಡಬಹುದು. ಅಲ್ಲಿನ ಚಿನ್ನದ ಹಾಲ್‌ನ ಅಲಂಕಾರ ರದ್ದಿ ಕಾಗದ ಅರೆದು ಮಾಡಿದ್ದು! ದುಡ್ಡಿಲ್ಲದ ಡ್ಯೂಕ್ ಕಾಗದಕ್ಕೆ ಬಂಗಾರದ ಬಣ್ಣ ಹಚ್ಚಿಸಿದ.

ತಿಪಟೂರು ತೆಂಗು:

ಮಂಡಿನೋವಿನವರಿಗೆ ಎರಡು ದಿನ ಎರಡು ಅರಮನೆ ಯಾಕ್ರೀ? ಒಂದನ್ನೇ ನೆಟ್ಟಗೆ ನೋಡಲಿ. ಸಮಯ ಉಳಿದರೆ ಅರಮನೆ ಹತ್ತಿರದಿಂದಲೇ ದೋಣಿ ಹೊರಡುತ್ತದೆ, ಕೂತು ನೋಡುವ ಕೆಲಸ. ಆಮೇಲೆ, ಮರೆತಿದ್ದೆ. ಈ ಅರಮನೆ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದ್ದು 2024ರ ಜುಲೈಯಲ್ಲಿ, ನಮ್ಮ ದೆಹಲಿಯಲ್ಲಿ ನಡೆದ ಸಭೆಯಲ್ಲಿ. ನಮ್ಮ ಬೇಲೂರು, ಹಳೇಬೀಡು ಸೇರಿದ್ದು ಅದರ ಹಿಂದಿನ ವರ್ಷ.

ಸಾಗರದ ಹುಡುಗಿ:

ಹೋಗಿ ಬಂದೆವು! ಶನಿವಾರ, ಒಂದೇ ದಿನ. ಚಿತ್ರಾನ್ನದ ಐಡಿಯಾಗೆ ಅಮ್ಮ ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ. ಅಪ್ಪ ಒಳಗೆ ಮುಕ್ಕಾಲು ಗಂಟೆ ಇದ್ದರು, ಹೊರಗೆ ಸರೋವರದ ಕಡೆ ಮುಖ ಮಾಡಿ ಎರಡು ಗಂಟೆ ಕೂತರು. ಬಾತುಕೋಳಿಗಳಿಗೆ ಹೆಸರೂ ಇಟ್ಟರು.

ಪೀಟರ್‌ಮೆನ್‌ಶೆನ್ ಬಗ್ಗೆ ನೀವ್ಯಾರೂ ಹೇಳಲೇ ಇಲ್ಲ ನೋಡಿ. ಅರಮನೆ ಕಾಯುವ ಕುಳ್ಳ ಭೂತವಂತೆ, ದೊಡ್ಡ ಟೋಪಿ, ಕೈಯಲ್ಲಿ ಲಾಟೀನು. ಒಳ್ಳೆಯವರ ತಂಟೆಗೆ ಬರಲ್ಲ, ಕಳ್ಳರನ್ನು ಬಿಡಲ್ಲ. ನಾನು ಓದಿ ಹೇಳಿದೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ತೋಟದ ಚೌಡಿ ಇದ್ದ ಹಾಗೆ" ಅಂದರು. ಆಮೇಲೆ ಮೆಲ್ಲಗೆ, "ಇದಕ್ಕೆ ವರ್ಷಕ್ಕೊಂದು ಸಲವಾದರೂ ಕಾಯಿ ಒಡೀತಾರಾ ಕೇಳು" ಅಂದರು. ಟಿಕೆಟ್ ಕೌಂಟರ್‌ನವರ ಹತ್ತಿರ ಕೇಳುವಷ್ಟು ನನ್ನ ಜರ್ಮನ್ ಇನ್ನೂ ಬೆಳೆದಿಲ್ಲ.