ಪತ್ರಗಳಲ್ಲೇ ಸಾಗುವ ಕಾದಂಬರಿ: 30 ಕಾಗದ ಬರೆದ ಮೇಲೂ ಸಪ್ಪೆ, ಯಾಕೆ?

ತುಂಗಾತೀರ, ಶಿವಮೊಗ್ಗ
ಪೂರ್ತಿ ಕಾಗದಗಳಲ್ಲೇ ನಡೆಯುವ ಕಾದಂಬರಿಯ ಕರಡು ಇದು. ಕಾಲ 1962ರಿಂದ 1964, ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ವರ್ಷಗಳು. ಮುಳುಗಡೆಯಾಗಲಿರುವ ಊರಿನಲ್ಲಿ ಅಣ್ಣ, ತೀರ್ಥಹಳ್ಳಿಗೆ ಮದುವೆಯಾಗಿ ಹೋದ ತಂಗಿ, ನಡುವೆ 30 ಕಾಗದ. ಓದಿದವರು "ವಿಷಯ ತಿಳಿಯುತ್ತದೆ, ಆದರೆ ಹಿಡಿದು ಕೂರಿಸುವುದಿಲ್ಲ" ಎನ್ನುತ್ತಾರೆ. ಮೊದಲ ಸಾಲು: "ನಿನಗೆ ಗೊತ್ತಿರುವಂತೆ ಅಪ್ಪಯ್ಯನ ನಾಲ್ಕು ಎಕರೆ ಅಡಿಕೆ ತೋಟ ಶರಾವತಿ ದಡದಲ್ಲಿದೆ." ಈ ರೂಪವನ್ನೇ ಬಿಡಲೇ?

ಸಾಗರದ ಓದುಗಿ
ಬಿಡಬೇಡಿ. ತೊಂದರೆ ಆ ಸಾಲಿನಲ್ಲೇ ಇದೆ. ತಂಗಿ ಅದೇ ತೋಟದಲ್ಲಿ ಆಡಿ ಬೆಳೆದವಳು, ತೋಟ ಎಲ್ಲಿದೆ ಎಂದು ಅವಳಿಗೆ ಯಾವ ಅಣ್ಣನೂ ಬರೆಯುವುದಿಲ್ಲ. ಅದು ನಮಗೆ ಬರೆದ ಸಾಲು. ಇನ್ಯಾರಿಗೋ ಬಂದ ಕಾಗದ ನಮ್ಮ ಕೈಗೆ ಸಿಕ್ಕಿದೆ ಎನ್ನುವುದೇ ಈ ರೂಪದ ರುಚಿ. ಬರೆಯುವವನು ನಮ್ಮ ಕಡೆ ತಿರುಗಿದ ಕೂಡಲೇ ಅದು ಹೋಯಿತು.

ಪ್ರತಿ ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಮಾತು ಗುರುತು ಹಾಕಿ: ಬರೆಯುವವರಿಗೆ ಏನು ಬೇಕು, ಏನನ್ನು ಮುಚ್ಚಿಡುತ್ತಿದ್ದಾರೆ. ಮುಚ್ಚಿಡುವುದು ಏನೂ ಇಲ್ಲದ ಕಾಗದವನ್ನು ತೆಗೆದುಹಾಕಿ. ಹತ್ತು ಹೋದರೂ ಚಿಂತೆಯಿಲ್ಲ. ಮೊದಲ ಸಾಲು ಹೀಗಿರಬಹುದು: "ಈ ಮಳೆಗಾಲ ಕೆಳಗಿನ ತೋಟಕ್ಕೆ ಮದ್ದು ಹೊಡೆಸಲಿಲ್ಲ. ಅಪ್ಪಯ್ಯನಿಗೆ ಹೇಳಿಲ್ಲ, ನೀನೂ ಬರೆಯಬೇಡ." ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸದೆ ಬಿಟ್ಟವನು ತೋಟದ ಆಸೆ ಬಿಟ್ಟಿದ್ದಾನೆ ಎಂದು ಮಲೆನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕೆಂಪು ಡಬ್ಬಿ
ಓದುಗಿಯವರ ಮಾತಿಗೆ ಸೇರಿಸುತ್ತೇನೆ: ಏನನ್ನು ಮುಚ್ಚಿಡುತ್ತಾರೆ ಎನ್ನುವುದನ್ನು ಕಾಗದದ ಜಾತಿಯೂ ನಿರ್ಧರಿಸುತ್ತದೆ. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದಬಹುದು, ಅತ್ತೆ ಮಾವ ಓದಬಹುದು. ಹಾಗಾಗಿ ತಂಗಿಯ ಕಾರ್ಡಿನಲ್ಲಿ ಬರೀ ಕ್ಷೇಮ ಸಮಾಚಾರ, ಮಡಿಸಿ ಅಂಟಿಸಿದ ಇನ್‌ಲ್ಯಾಂಡ್ ಪತ್ರದಲ್ಲಿ ನಿಜ. ಇನ್‌ಲ್ಯಾಂಡಿನಲ್ಲಿ ಜಾಗ ಕಡಿಮೆ, ಕೊನೆಯ ಸಾಲುಗಳು ಮಡಿಕೆಯ ಅಂಚಿಗೆ ಒತ್ತಿಕೊಳ್ಳುತ್ತವೆ. ಹೇಳಲು ಕಷ್ಟವಾದದ್ದು, ಸಹಿಯ ಕೆಳಗೆ ಮರೆತದ್ದನ್ನು ಸೇರಿಸುವ "ತಾ.ಕ." (ತಾಜಾ ಕಲಂ) ಆದ ಮೇಲೆ ಬರಲಿ.

ಒಕ್ಕಣೆಯನ್ನು ದಯವಿಟ್ಟು ಕತ್ತರಿಸಬೇಡಿ. "ತೀರ್ಥರೂಪು ಸಮಾನರಾದ ಅಣ್ಣನವರ ಪಾದಾರವಿಂದಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ" ಎಂದು ತಂಗಿಯ ಕಾಗದಗಳಲ್ಲಿ ಒಂಬತ್ತು ಸಲ ಬರಲಿ. ಹತ್ತನೆಯದು ಬರೀ "ಅಣ್ಣನಿಗೆ" ಎಂದು ಶುರುವಾದರೆ ಓದುಗರ ಎದೆ ಧಸಕ್ಕೆನ್ನುತ್ತದೆ.

ವಿಳಾಸದಲ್ಲಿ ಪಿನ್ ಕೋಡ್ ಹಾಕಬೇಡಿ, ಅದು ಬಂದದ್ದು 1972ರ ಆಗಸ್ಟ್ 15ಕ್ಕೆ. ರಾಜ್ಯದ ಹೆಸರು 1973ರ ನವೆಂಬರ್ 1ರವರೆಗೆ ಮೈಸೂರು. 1964ರ ಜೂನ್‌ಗೆ ಮುಂಚೆ ಪೈಸೆಗೆ "ನಯಾ ಪೈಸೆ" ಎಂದು ಬರೆಯಿರಿ.

ಇನ್ನೊಂದು. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿ ಹರಿದು ಹಾಕುವ ರೂಢಿಯಿತ್ತು, ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಥೆಯಲ್ಲಿ ಅಪ್ಪಯ್ಯ ತೀರಿಕೊಂಡರೆ ಆ ಕಾರ್ಡು ನಿಮ್ಮ ಕಟ್ಟಿನಲ್ಲಿ ಇರಕೂಡದು. ಮುಂದಿನ ಕಾಗದದಿಂದಲೇ ನಮಗೆ ಗೊತ್ತಾಗಲಿ.

ತುಂಗಾತೀರ, ಶಿವಮೊಗ್ಗ
ಆ ಕಾರ್ಡು ಈಗ 22ನೆಯ ಕಾಗದವಾಗಿ ಇದೆ, ತೆಗೆಯುತ್ತೇನೆ. ಪರಿಹಾರದ ಹಣಕ್ಕೆ ಮನೆಯಲ್ಲಿ ದೊಡ್ಡ ಜಗಳವಾಗುತ್ತದೆ. ಅದನ್ನು ಮಾತು ಮಾತಾಗಿ ಕಾಗದದಲ್ಲಿ ತರಬಹುದೇ?

ಅಡಿಕೆ ಚಪ್ಪರ
ಎರಡು ಪುಟ ಸಂಭಾಷಣೆ ನೆನಪಿಟ್ಟು ಬರೆಯುವವರು ಯಾರಿದ್ದಾರೆ? ಕಿವಿಯಲ್ಲಿ ಉಳಿದ ಒಂದೆರಡು ಮಾತು ಸಾಕು, ಮಿಕ್ಕದ್ದನ್ನು ಅಣ್ಣ ತನಗೆ ಬೇಕಾದಂತೆ ತಿರುಚಲಿ. ಅದೇ ಜಗಳವನ್ನು ಅತ್ತಿಗೆ ಬೇರೆ ಕಾಗದದಲ್ಲಿ ತಂಗಿಗೆ ಬರೆಯಲಿ. ಎರಡೂ ತಾಳೆಯಾಗದಿದ್ದಾಗ ಯಾರನ್ನು ನಂಬುವುದು ಎಂದು ನಾವು ಪುಟ ತಿರುವಿ ಹಿಂದೆ ಹೋಗುತ್ತೇವೆ.

ತಾರೀಖಿಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ: ಬರೆದ ದಿನ, ಕೈಸೇರಿದ ದಿನ. ಬೇಸಿಗೆಯಲ್ಲಿ ನಾಲ್ಕು ದಿನ ಎಂದು ಇಟ್ಟುಕೊಂಡರೆ ಆಷಾಢದ ಮಳೆಯಲ್ಲಿ ಹತ್ತು ದಿನ ಮಾಡಿ. "ಬರಬೇಡ" ಎಂದು ಅಣ್ಣ ಬರೆದದ್ದು ದಾರಿಯಲ್ಲಿರುವಾಗಲೇ "ಹೊರಟಿದ್ದೇನೆ" ಎಂಬ ತಂಗಿಯ ಕಾಗದ ಅವನ ಕೈಗೆ ಬರುತ್ತದೆ. ಈ ಅಡ್ಡಹಾಯುವಿಕೆ ನೇರ ಕಥನದಲ್ಲಿ ಸಿಗುವುದಿಲ್ಲ. ಕಾಲಂ ಇಲ್ಲದೆ ಬರೆದರೆ ಇನ್ನೂ ಕೈಸೇರದ ಕಾಗದಕ್ಕೆ ಉತ್ತರ ಬರೆದುಬಿಡುತ್ತೀರಿ, ಹೆಚ್ಚಿನ ಕರಡುಗಳು ಎಡವುವುದು ಅಲ್ಲೇ.